ಆಪರೇಷನ್ ಆಗಿದೆ, ಎಕೋ ಚೆನ್ನಾಗಿದೆ, ಆದರೆ ಮಗು ಇನ್ನೂ ಅಂಬೆಗಾಲಿಡುತ್ತಿಲ್ಲ. ಕಾಯಬೇಕಾ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹದಿನಾಲ್ಕು ತಿಂಗಳು. ಹುಟ್ಟಿದಾಗಲೇ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ರಂಧ್ರ ಇತ್ತು, ವಿಎಸ್‌ಡಿ ಅಂತಾರಲ್ಲ, ಅದು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರು. ನಾಲ್ಕು ಗುಟುಕು ಕುಡಿದು ಸುಸ್ತಾಗಿ ಬಿಡೋಳು, ಆಮೇಲೆ ಹಸಿವಿಗೆ ಅಳೋಳು. ತೂಕ ಏರಲೇ ಇಲ್ಲ. ಏಳನೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ರಂಧ್ರ ಪೂರ್ತಿ ಮುಚ್ಚಿದೆ, ಔಷಧಿ ನಿಲ್ಲಿಸಿದ್ದಾರೆ, ರಾಗಿ ಸರಿ, ಅನ್ನ ಎಲ್ಲ ತಿಂತಾಳೆ.

ಕೂರಿಸಿದರೆ ಕೂರ್ತಾಳೆ. ಆದರೆ ಅಂಬೆಗಾಲಿಲ್ಲ, ಮಂಚ ಹಿಡಿದು ಎದ್ದು ನಿಲ್ಲೋದೂ ಇಲ್ಲ. ಬೋರಲು ಮಲಗಿಸಿದರೆ ಕಿರುಚಾಡ್ತಾಳೆ. ಮಾತು ಅಂದರೆ "ಅಮ್ಮ" ಒಂದೇ. ಕಳೆದ ಸಲ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಆಸ್ಪತ್ರೆಯಲ್ಲಿ ಕೇಳಿದೆ. "ಎಕೋ ನಾರ್ಮಲ್, ಬರುತ್ತೆ ಬಿಡಿ" ಅಂದರು, ಮುಂದಿನ ತಪಾಸಣೆ ಆರು ತಿಂಗಳ ಮೇಲೆ. ಅತ್ತೆ "ಹಾರ್ಟ್ ಮಗು, ಎಲ್ಲ ನಿಧಾನ ಆಗೇ ಆಗುತ್ತೆ, ಸುಮ್ನೆ ಅಳಿಸಬೇಡ" ಅಂತಾರೆ. ಪಕ್ಕದ ಮನೆಯ ಮಗು ಇವಳಿಗಿಂತ ಚಿಕ್ಕದು, ಅಂಗಳದಲ್ಲೆಲ್ಲ ಓಡಾಡ್ತಿದೆ. ಕಾಯಬೇಕಾ, ಯಾರಿಗಾದರೂ ತೋರಿಸಬೇಕಾ? ತೋರಿಸೋದಾದರೆ ಯಾರಿಗೆ?

ತೀರ್ಥಹಳ್ಳಿಯಿಂದ

ಕಾಯಬೇಡಿ. ಮೊದಲ ಉತ್ತರ ಇದೇ ಇರಲಿ ಅಂತ ಅವಸರದಲ್ಲಿ ಬರೀತಿದ್ದೀನಿ.

ನನ್ನ ಮಗನಿಗೆ ಈಗ ಎಂಟು ವರ್ಷ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳ ಅದಲುಬದಲಾಗಿ ಹುಟ್ಟಿದ್ದ, ಟಿಜಿಎ ಅಂತಾರೆ. ಹುಟ್ಟಿದ ಎರಡನೇ ವಾರದಲ್ಲೇ ಆಪರೇಷನ್. ನಾವು ಕಂಡುಕೊಂಡಿದ್ದು ಒಂದೇ: ಹೃದಯದ ತಪಾಸಣೆ ಬೇರೆ, ಬೆಳವಣಿಗೆಯ ತಪಾಸಣೆ ಬೇರೆ. ಎಕೋದಲ್ಲಿ ಕಾಣೋದು ಕವಾಟ, ಗೋಡೆ, ರಕ್ತ ಹರಿಯೋ ರೀತಿ. ಮಗು ಯಾಕೆ ಬೋರಲು ಬೀಳ್ತಿಲ್ಲ, ಯಾಕೆ ಬೆರಳು ತೋರಿಸಿ ಕೇಳ್ತಿಲ್ಲ ಅನ್ನೋದು ಅದರಲ್ಲಿ ಕಾಣಲ್ಲ. ಹೃದಯದ ಡಾಕ್ಟರು "ಚೆನ್ನಾಗಿದೆ" ಅಂದರೆ ಹೃದಯ ಚೆನ್ನಾಗಿದೆ ಅಂತ ಅರ್ಥ. ಆ ಒಂದು ಮಾತನ್ನು ನಾವು ಇಡೀ ಮಗುವಿಗೆ ಹಚ್ಚಿಕೊಂಡು ನೆಮ್ಮದಿ ಆಗಿಬಿಡ್ತೀವಿ.

ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋಗಿ, "ಬೆಳವಣಿಗೆಯ ಪರೀಕ್ಷೆ ಮಾಡಿಸಬೇಕು" ಅಂತ ಬಾಯಿಬಿಟ್ಟು ಕೇಳಿ. ಏನೂ ಇಲ್ಲ ಅಂತ ಬಂದರೆ ಒಂದು ದಿನ ಹೋಯ್ತು ಅಷ್ಟೇ. ಏನಾದರೂ ಇದ್ದರೆ ಎರಡು ವರ್ಷದೊಳಗೆ ಶುರು ಮಾಡಿದ ಕೆಲಸಕ್ಕೆ ಬೆಲೆ ಜಾಸ್ತಿ.

ಅಂಗನವಾಡಿ ಟೀಚರ್, ಚಳ್ಳಕೆರೆ

ಯಾರಿಗೆ ತೋರಿಸಬೇಕು ಅಂತ ಕೇಳಿದ್ದೀರಿ. ದುಡ್ಡು ಖರ್ಚಿಲ್ಲದ ದಾರಿ ಒಂದಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಯ್ತು. ನಾವೆಲ್ಲ ಆರ್‌ಬಿಎಸ್‌ಕೆ ಅಂತೀವಿ. ಹುಟ್ಟಿನಿಂದ 18 ವರ್ಷದವರೆಗೆ. ಅವರ ವೈದ್ಯರ ತಂಡ ಗಾಡಿಯಲ್ಲಿ ಬಂದು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆ ಮಕ್ಕಳನ್ನು ಒಂದು ಸಲ ನೋಡಬೇಕು. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಹುಟ್ಟಿನ ಹೃದಯ ದೋಷವೂ ಇದೆ, ಬೆಳವಣಿಗೆ ನಿಧಾನ ಆಗೋದೂ ಇದೆ. ಎರಡೂ ಒಂದೇ ಪಟ್ಟಿಯಲ್ಲಿವೆ ಅನ್ನೋದನ್ನ ಗಮನಿಸಿ. ತಂಡದವರು ಮಗುವನ್ನು ಡಿಇಐಸಿಗೆ, ಅಂದರೆ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬಹುದು. ಆ ಕೇಂದ್ರಗಳನ್ನು ರೂಪಿಸಿರೋದೇ ಮಕ್ಕಳ ಡಾಕ್ಟರು, ಫಿಸಿಯೋ, ಮಾತು ಮತ್ತು ಕಿವಿ ನೋಡುವವರು ಒಂದೇ ಕಡೆ ಸಿಗಲಿ ಅಂತ. ತಂಡ ಬರೋವರೆಗೆ ಕಾಯಬೇಕಿಲ್ಲ. ನಿಮ್ಮ ಆಶಾ ಅಥವಾ ಅಂಗನವಾಡಿ ಟೀಚರಿಗೆ ಹೇಳಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ ಡಾಕ್ಟರ್ ಯಾರು ಅಂತ ಕೇಳಿ ನೇರ ಹೋಗಿ.

ಹೋಗುವಾಗ ತಾಯಿ ಕಾರ್ಡ್, ಆಪರೇಷನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇತ್ತೀಚಿನ ಎಕೋ ರಿಪೋರ್ಟ್ ತಗೊಂಡು ಹೋಗಿ. ಎಲ್ಲ ಜಿಲ್ಲೆಯಲ್ಲೂ ಎಲ್ಲ ಹುದ್ದೆ ತುಂಬಿರಲ್ಲ, ಅದು ನಿಜ. ಆದರೂ ಅಲ್ಲಿ ಹೆಸರು ದಾಖಲಾದರೆ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಕಾಗದ ಸಿಗುತ್ತೆ.

ಮಕ್ಕಳ ಫಿಸಿಯೋ, ಮೈಸೂರು

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಹೃದಯದ ಆಪರೇಷನ್ ಆದ ಮಕ್ಕಳು ನನ್ನ ಹತ್ತಿರ ಬರೋದು ಹೆಚ್ಚಾಗಿ ಎರಡು ವರ್ಷ ದಾಟಿದ ಮೇಲೆ, "ಇನ್ನೂ ನಡೀತಿಲ್ಲ" ಅಂತ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ಹಾಸನದ ಅಮ್ಮನಿಗೆ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಒಂದು ಲೆಕ್ಕ ಮಾಡಿದ್ದಾರೆ. ಏನನ್ನಾದರೂ ಹಿಡಿದು ನಿಲ್ಲೋದು ಸುಮಾರು ಹನ್ನೊಂದೂವರೆ ತಿಂಗಳೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಬಂದಿರುತ್ತೆ. ಒಬ್ಬರೇ ನಡೆಯೋದಕ್ಕೆ ಹದಿನೇಳೂವರೆ ತಿಂಗಳವರೆಗೂ ಸಮಯ ಇದೆ. ಅಂಬೆಗಾಲನ್ನೇ ಇಡದೆ ನೇರ ಎದ್ದು ನಡೆದ ಮಕ್ಕಳೂ ಆ ಅಧ್ಯಯನದಲ್ಲಿ ಇದ್ದರು. ಹಾಗಾಗಿ ಅಂಬೆಗಾಲು ಇಲ್ಲ ಅನ್ನೋದೊಂದೇ ಆಗಿದ್ದರೆ ನಾನು ಅಷ್ಟು ಯೋಚಿಸ್ತಿರಲಿಲ್ಲ. ಹಿಡಿದೂ ನಿಲ್ಲಲ್ಲ, ಬೋರಲೂ ಸೇರಲ್ಲ, ಮಾತೂ ಕಡಿಮೆ. ಮೂರೂ ಸೇರಿವೆ. ತೋರಿಸಲೇಬೇಕು.

ಈಗ, ಯಾಕೆ ಹೀಗಾಗುತ್ತೆ? ಕಾರಣ ಒಂದೇ ಅಲ್ಲ, ಮಗುವಿನಿಂದ ಮಗುವಿಗೆ ಬೇರೆ.

ಕೆಲವು ದೋಷಗಳಲ್ಲಿ ಕಥೆ ಹೊಟ್ಟೆಯಲ್ಲೇ ಶುರುವಾಗುತ್ತೆ. ಸಾಮಾನ್ಯವಾಗಿ ಮಾಸಿನಿಂದ ಬರುವ ಆಮ್ಲಜನಕ ತುಂಬಿದ ರಕ್ತದಲ್ಲಿ ಹೆಚ್ಚಿನ ಪಾಲು ಭ್ರೂಣದ ಮೆದುಳಿಗೆ ಹೋಗುವ ಹಾಗೆ ಹೃದಯವೇ ದಾರಿ ಮಾಡಿಕೊಡುತ್ತೆ. ತೀರ್ಥಹಳ್ಳಿ ಮೇಡಂ ಮಗನಿಗಿದ್ದ ಟಿಜಿಎಯಲ್ಲಿ ನಾಳಗಳು ಅದಲುಬದಲಾಗಿರೋದರಿಂದ ಆ ಒಳ್ಳೆಯ ರಕ್ತ ಮೆದುಳಿನ ಕಡೆ ಸಾಕಷ್ಟು ಹೋಗಲ್ಲ. 2009ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಟಿಜಿಎ ಇದ್ದ ಮಕ್ಕಳನ್ನೂ ಎಡಭಾಗದ ಹೃದಯ ಬೆಳೆಯದ ಮಕ್ಕಳನ್ನೂ ಆಪರೇಷನ್‌ಗೆ ಮೊದಲೇ ಎಂಆರ್‌ಐ ಮಾಡಿ ನೋಡಿದರು. ತಿಂಗಳು ತುಂಬಿ ಹುಟ್ಟಿದ್ದರೂ ಮೆದುಳಿನ ಪಕ್ವತೆ ಸುಮಾರು ಒಂದು ತಿಂಗಳು ಹಿಂದಿತ್ತು. ಅಂದರೆ ಆಪರೇಷನ್ ಮಾಡಿದ್ದರಿಂದ ಮಗು ಹಿಂದೆ ಬಿತ್ತು ಅಂತ ನಾವು ದೂರೋದರಲ್ಲಿ ಎಲ್ಲವೂ ಸರಿಯಲ್ಲ. ಬಸುರಿಯಲ್ಲಿ ಏನೋ ತಿಂದೆ, ಗ್ರಹಣದಲ್ಲಿ ಹೊರಗೆ ಬಂದೆ ಅಂತ ತಾಯಂದಿರು ತಮ್ಮನ್ನೇ ಬೈದುಕೊಳ್ಳೋದಂತೂ ಸುತರಾಂ ಸರಿಯಲ್ಲ.

ವಿಎಸ್‌ಡಿಯದು ಬೇರೆ ದಾರಿ. ಅಲ್ಲಿ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ಹರಿದು ಮಗು ಉಸಿರಾಡೋದಕ್ಕೇ ದುಡಿಯುತ್ತೆ. ಕುಡಿದ ಹಾಲಿನ ಶಕ್ತಿಯೆಲ್ಲ ಅದಕ್ಕೇ ಖರ್ಚು. ಕತ್ತು ಎತ್ತಲು, ಕಾಲು ಆಡಿಸಲು, ಹೊರಳಲು ಏನೂ ಉಳಿಯಲ್ಲ. ಬೇರೆ ಮಕ್ಕಳು ಮೈ ಗಟ್ಟಿ ಮಾಡಿಕೊಳ್ಳುವ ಮೊದಲ ಆರು ತಿಂಗಳು ನಿಮ್ಮ ಮಗಳಿಗೆ ಬದುಕಲಿಕ್ಕೇ ಹೋಗಿದೆ. ಒಳ್ಳೆಯ ಸುದ್ದಿ ಏನೆಂದರೆ, ಬೇರೆ ತೊಂದರೆ ಇಲ್ಲದೆ ವಿಎಸ್‌ಡಿ ಒಂದೇ ಇದ್ದು ಅದು ಮುಚ್ಚಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಬೇರೆ ಮಕ್ಕಳ ಸಮಕ್ಕೆ ಬಂದು ಸೇರಿಕೊಳ್ತಾರೆ. ಆದರೆ ಸೇರಿಕೊಳ್ಳೋದಕ್ಕೆ ಅವಕಾಶ ಬೇಕು.

ಆ ಅವಕಾಶ ನಮ್ಮ ಮನೆಗಳಲ್ಲಿ ಸಿಗೋದು ಕಷ್ಟ, ಇದು ನಾನು ಕಣ್ಣಾರೆ ನೋಡಿರೋದು. ಎದೆ ಮೇಲೆ ಗಾಯದ ಗೆರೆ ಇರುವ ಮಗುವನ್ನು ಮನೆಯವರೆಲ್ಲ ಗಾಜಿನ ಬೊಂಬೆ ಥರ ಹಿಡಿದಿರ್ತಾರೆ. ಅಮ್ಮನ ತೋಳಿಂದ ಅಜ್ಜಿ ತೋಳು, ಅಲ್ಲಿಂದ ತೊಟ್ಟಿಲು, ತೊಟ್ಟಿಲಿಂದ ಮತ್ತೆ ತೋಳು. ಕೆಳಗೆ ಬಿಡೋದೇ ಇಲ್ಲ. ಆಟಿಕೆ ಬೇಕು ಅನ್ನೋ ಮೊದಲೇ ಕೈಗೆ ಬಂದಿರುತ್ತೆ, ಹಾಗಾಗಿ ಕೈಚಾಚಬೇಕಿಲ್ಲ, ಕೇಳಬೇಕಿಲ್ಲ. ಪ್ರೀತಿಯಿಂದಲೇ ಮಾಡ್ತಾರೆ, ಅನುಮಾನವೇ ಇಲ್ಲ. ಆದರೆ ಕತ್ತು, ಭುಜ, ಸೊಂಟ ಬಲಿಯೋದು ನೆಲದ ಮೇಲೆ. ಆಪರೇಷನ್ ಆಗಿ, ಮೂಳೆ ಕೂಡಿಕೊಂಡು, ಸರ್ಜನ್ ಒಪ್ಪಿದ ಮೇಲೆ ಮಗುವಿಗೆ ಸೇರಬೇಕಾದ ಜಾಗ ಚಾಪೆ.

ಎದೆಮೂಳೆ ಕತ್ತರಿಸಿ ಮಾಡಿದ ಆಪರೇಷನ್ ಆದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಂಕುಳಿಗೆ ಕೈಹಾಕಿ ಎತ್ತಬಾರದು. ಒಂದು ಕೈ ಕತ್ತು ಬೆನ್ನಿನ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಇಟ್ಟು ಎತ್ತಬೇಕು. ಇದನ್ನು ಡಿಸ್ಚಾರ್ಜ್ ಆಗುವಾಗ ಹೇಳ್ತಾರೆ. ಆ ಎಂಟು ವಾರ ಮುಗಿದ ಮೇಲೆ "ಇನ್ನು ಪರವಾಗಿಲ್ಲ" ಅಂತ ಯಾರೂ ಫೋನ್ ಮಾಡಿ ಹೇಳಲ್ಲ. ಮನೆಯವರು ಅದನ್ನೇ ವರ್ಷಗಟ್ಟಲೆ ಪಾಲಿಸ್ತಾರೆ. ನಿಮ್ಮ ಮಗಳಿಗೆ ಆಪರೇಷನ್ ಆಗಿ ಏಳು ತಿಂಗಳಾಯ್ತು. ಆ ನಿರ್ಬಂಧ ಈಗ ಇಲ್ಲ ಅಂತ ಸರ್ಜನ್ ಕಡೆಯಿಂದ ಒಂದು ಮಾತು ಖಚಿತ ಮಾಡಿಕೊಳ್ಳಿ.

ಧಾರವಾಡದಾಂವ

ನಾ ಒಂದ್ ಮಾತ್ ಕೇಳ್ತೀನ್ರಿ. ನಮ್ಮ ಹುಡುಗಗ ಹನ್ನೊಂದು ತಿಂಗಳು, ಟಿಓಎಫ್ ಐತಿ, ಅಂದ್ರ ಹೃದಯದಾಗ ರಂಧ್ರ, ಜೋಡಿಗೆ ಶ್ವಾಸಕೋಶಕ್ಕ ಹೋಗೋ ದಾರಿ ಸಣ್ಣದು. ಆಪರೇಷನ್ ಇನ್ನಾ ಆಗಿಲ್ಲ, ತಾರೀಖಿಗೆ ಕಾಯಾಕತ್ತೇವಿ. ಅತ್ತರ ತುಟಿ, ಉಗುರು ನೀಲಿ ಆಗ್ತಾವು. ಒಮ್ಮೆ ಮುಂಜಾನೆ ಎದ್ದು ಅಳಾಕ ಚಾಲೂ ಮಾಡಿದಂವ ಮೈಯೆಲ್ಲಾ ಕಪ್ಪಾಗಿ ಸಡಿಲ ಬಿಟ್ಟ. ಆವತ್ತ ನಮ್ಮ ಮನ್ಯಾಗ ಒಲಿ ಹಚ್ಚಲಿಲ್ಲ. ಡಾಕ್ಟರ್ ಸಾಹೇಬ್ರೇ "ಭಾಳ ಅಳಾಕ ಬಿಡಬ್ಯಾಡ್ರಿ" ಅಂತ ಹೇಳ್ಯಾರ. ಇಲ್ಲಿ ನೋಡಿದ್ರ ಎಲ್ಲಾರೂ ಕೆಳಗ ಬಿಡ್ರಿ, ಬೋರಲ ಹಾಕ್ರಿ ಅನ್ನಾಕತ್ತೀರಿ. ನನ್ನಂಥಾಂವ ಓದಿ ಹಂಗ ಮಾಡಿದ್ರ ಗತಿ ಏನು? ಯಾವ ಮಗುಗ ಈ ಮಾತು ಅಂತ ಬಿಚ್ಚಿ ಬರೀರಿ.

ಮಕ್ಕಳ ಫಿಸಿಯೋ, ಮೈಸೂರು

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಬಿಡಿಸಿ ಹೇಳಲೇಬೇಕಾದ ಮಾತು. ನಾನು ಮೇಲೆ ಬರೆದದ್ದು ಆಪರೇಷನ್ ಮುಗಿದು, ಎಕೋ ಸರಿಯಿದ್ದು, ಡಾಕ್ಟರು ಒಪ್ಪಿದ ಮಕ್ಕಳಿಗೆ. ನಿಮ್ಮ ಹುಡುಗನಿಗೆ ನಿಮ್ಮ ಡಾಕ್ಟರ ಮಾತೇ ಕೊನೆಯ ಮಾತು.

ಟಿಓಎಫ್‌ನಲ್ಲಿ ಶ್ವಾಸಕೋಶದ ಕಡೆ ಹೋಗುವ ದಾರಿ ಮೊದಲೇ ಕಿರಿದು. ಜೋರಾಗಿ ಅತ್ತಾಗ ಅದು ಇನ್ನೂ ಬಿಗಿದುಕೊಂಡು, ಆಮ್ಲಜನಕ ಕಡಿಮೆ ಇರುವ ನೀಲಿ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರ ಮೈಗೆ ಹರಿಯುತ್ತೆ. ನೀವು ಕಂಡದ್ದು ಅದೇ ಇರಬೇಕು, ಸ್ಪೆಲ್ ಅಂತಾರೆ. ಹಾಗಾದ ತಕ್ಷಣ ಮಗುವಿನ ಎರಡೂ ಮೊಣಕಾಲು ಮಡಿಸಿ ಎದೆಗೆ ಒತ್ತಿ ಹಿಡಿಯಬೇಕು. ಹೆಗಲ ಮೇಲೆ ಹಾಕಿಕೊಂಡು ಹಿಡಿದರೂ ಆಯ್ತು, ಮಲಗಿಸಿಯಾದರೂ ಆಯ್ತು. ಸಮಾಧಾನ ಮಾಡುತ್ತಲೇ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಎಲ್ಲರಿಗೂ ಇದನ್ನು ಕಲಿಸಿಡಿ, ಮಗುವನ್ನು ನೋಡಿಕೊಳ್ಳುವ ಅಕ್ಕಪಕ್ಕದವರಿಗೂ. ಸ್ಪೆಲ್ ಆಗಿರೋದು ನಿಮ್ಮ ಹೃದಯದ ಡಾಕ್ಟರಿಗೆ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಇವತ್ತೇ ಹೇಳಿ, ತಪಾಸಣೆ ತಾರೀಖಿನವರೆಗೆ ಇಟ್ಟುಕೊಳ್ಳಬೇಡಿ. ಔಷಧಿ ಕೊಡಬಹುದು, ಆಪರೇಷನ್‌ಗೆ ಇನ್ನೂ ಬೇಗದ ತಾರೀಖು ಕೊಡಬಹುದು.

ಇನ್ನೊಂದು, ರಕ್ತದಲ್ಲಿ ಕಬ್ಬಿಣದ ಅಂಶ ನೋಡಿದ್ದಾರಾ ಕೇಳಿ. ನೀಲಿ ಮಕ್ಕಳಲ್ಲಿ ಹಿಮೋಗ್ಲೋಬಿನ್ ಜಾಸ್ತಿ ಕಾಣುತ್ತೆ, ಆದರೂ ಒಳಗೆ ಕಬ್ಬಿಣದ ಕೊರತೆ ಇರಬಹುದು. ಆ ಕೊರತೆಯಿಂದ ಸ್ಪೆಲ್‌ ಹೆಚ್ಚಾಗಬಹುದು, ಬೆಳೆಯುವ ಮೆದುಳಿಗೂ ಅದು ಒಳ್ಳೆಯದಲ್ಲ.

ಅಳಿಸದೆ ಬೆಳೆಸೋದು ಸಾಧ್ಯ. ಮಡಿಲಲ್ಲಿ ಕೂರಿಸಿಕೊಂಡು ಎದುರಿಗೆ ಮುಖ ಮಾಡಿ ಮಾತಾಡಿ. ಚಪ್ಪಾಳೆ, ಕಣ್ಣಾಮುಚ್ಚೆ, ಬಟ್ಟಲು ಚಮಚ ಕೊಟ್ಟು ಸದ್ದು ಮಾಡಿಸೋದು, ಇದರಿಂದೆಲ್ಲ ಹೃದಯಕ್ಕೆ ಹೊರೆಯಿಲ್ಲ. ಮಾತು, ನೋಟ, ಕೈಕೆಲಸ ಆಪರೇಷನ್‌ಗೆ ಕಾಯಬೇಕಿಲ್ಲ. ಖುಷಿಯಾಗಿರುವಾಗ ಹಾಸಿಗೆ ಮೇಲೆ ಆಡಲಿ, ಮುಖ ಸಪ್ಪಗಾದರೆ ಎತ್ತಿಕೊಳ್ಳಿ. ಮುಂದೆ ನಡೆಯುವ ಕಾಲಕ್ಕೆ ಟಿಓಎಫ್ ಮಕ್ಕಳು ಸುಸ್ತಾದರೆ ತಾವಾಗಿಯೇ ಕುಕ್ಕರಗಾಲಲ್ಲಿ ಕೂತುಬಿಡ್ತಾರೆ. ಅದು ಹಟವಲ್ಲ, ದೇಹವೇ ಕಂಡುಕೊಂಡ ಉಪಾಯ. ಎಬ್ಬಿಸಬೇಡಿ, ಡಾಕ್ಟರಿಗೆ ತಿಳಿಸಿ.

ಧಾರವಾಡದಾಂವ

ಈಗ ತಿಳೀತ್ರಿ. ಕಾಲು ಮಡಚಿ ಹಿಡಿಯೋದು ನನಗಷ್ಟ ಗೊತ್ತಿತ್ತು, ನಮ್ಮ ಅವ್ವಗ ಗೊತ್ತಿರಲಿಲ್ಲ. ಹಗಲೆಲ್ಲಾ ಆಕಿ ಕಡೇನ ಇರ್ತಾನ. ಇವತ್ತ ತೋರಿಸಿಕೊಟ್ಟೆ. ಸ್ಪೆಲ್ ಆಗಿದ್ದು ಫೋನ್ ಮಾಡಿ ಹೇಳಿದೆ, ಬರೋ ಸೋಮವಾರ ಕರದಾರ.

ಉಡುಪಿ ಕಡೆಯ ತಾಯಿ

ನನ್ನ ಮಗಳಿಗೆ ಡೌನ್ ಸಿಂಡ್ರೋಮ್, ಜೊತೆಗೆ ಹೃದಯದ ನಡುಗೋಡೆಯ ದೋಷ ಇತ್ತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆಯೂ ಇರುತ್ತದೆ. ನಾನು ಹೇಳಬೇಕಾದ್ದು ಬೇರೆ. ಮಗುವಿನ ಎಲ್ಲ ನಿಧಾನವನ್ನೂ ಹೃದಯದ ತಲೆಗೆ ಕಟ್ಟಬೇಡಿ. ನನ್ನ ಮಗಳು ಕರೆದರೆ ತಿರುಗುತ್ತಿರಲಿಲ್ಲ. "ಪಾಪ, ಬಳಲಿದ್ದಾಳೆ" ಎಂದೇ ಎಲ್ಲರೂ ಹೇಳಿದ್ದು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ಕೇಳುವುದು ಕಡಿಮೆ. ಹಾಗೆಯೇ ಥೈರಾಯ್ಡ್ ತೊಂದರೆಯೂ ಪರೀಕ್ಷೆಯಲ್ಲೇ ಗೊತ್ತಾದದ್ದು.

ಡೌನ್ ಸಿಂಡ್ರೋಮ್ ಇಲ್ಲದ ಮಕ್ಕಳಿಗೂ ಕಿವಿ ಪರೀಕ್ಷೆ ಬೇಕು ಎಂದು ಆಮೇಲೆ ತಿಳಿಯಿತು. ಹೃದಯದ ಮಕ್ಕಳಿಗೆ ಮೈಯ ನೀರು ಇಳಿಸಲು ಕೊಡುವ ಲ್ಯಾಸಿಕ್ಸ್, ಐಸಿಯುನಲ್ಲಿ ಕೊಡುವ ಕೆಲವು ಆಂಟಿಬಯಾಟಿಕ್‌ಗಳು ಒಳಗಿವಿಗೆ ತೊಂದರೆ ಕೊಡಬಹುದಂತೆ. ಕೊಡಲೇಬಾರದು ಎಂದಲ್ಲ, ಜೀವ ಉಳಿಸುವ ಔಷಧಿಗಳು ಅವು. ಆದರೆ ಆಮೇಲೆ ಕಿವಿ ನೋಡಿಸಬೇಕು. ಹಾಸನದ ಅಮ್ಮ, ನಿಮ್ಮ ಮಗಳ ಮಾತು ಕಡಿಮೆ ಎಂದಿದ್ದೀರಿ, ಮೊದಲು ಅದನ್ನು ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರವೇ. ಪುಟ್ಟ ಮಕ್ಕಳ ಕಿವಿ ಪರೀಕ್ಷೆಯೂ ಮಾತಿನ ತರಬೇತಿಯೂ ಅಲ್ಲೇ ಇದೆ, ತಾಯಂದಿರಿಗೂ ಕಲಿಸಿ ಕಳಿಸುತ್ತಾರೆ.

ಮಕ್ಕಳ ಫಿಸಿಯೋ, ಮೈಸೂರು

ಉಡುಪಿ ಮೇಡಂ ಮಾತಿಗೆ ಒಂದು ಸೇರಿಸ್ತೀನಿ. ಆಪರೇಷನ್ ಆದ ಮೇಲೆ ಮಗುವಿನ ಅಳು ಗೊಗ್ಗರಾಗಿದ್ದರೆ, ಹಾಲು ನೀರು ಕುಡಿಯುವಾಗ ಕೆಮ್ಮು ಬಂದರೆ ಗಂಟಲು ನೋಡಿಸಿ. ಧ್ವನಿಪೆಟ್ಟಿಗೆಯ ಎಡಗಡೆ ನರ ಹೃದಯದ ದೊಡ್ಡ ನಾಳವನ್ನೇ ಸುತ್ತಿಕೊಂಡು ಹೋಗುತ್ತೆ, ಆ ಜಾಗದ ಆಪರೇಷನ್‌ಗಳಲ್ಲಿ ಅದಕ್ಕೆ ಪೆಟ್ಟಾಗೋದುಂಟು. ತುಂಬ ದಿನ ಮೂಗಿನ ನಳಿಕೆಯಲ್ಲಿ ಹಾಲು ಕುಡಿದ ಮಕ್ಕಳು ಬಾಯಿಗೆ ಏನೇ ತಂದರೂ ಓಕರಿಸೋದುಂಟು. ಇದೂ ಹಟವಲ್ಲ, ಕಲಿಸಬೇಕಾದ ಕೆಲಸ. ಬಲವಂತವಾಗಿ ತುರುಕಬೇಡಿ.

ನ್ಯೂಜೆರ್ಸಿಯ ಕನ್ನಡತಿ

ಇಲ್ಲಿನ ಅನುಭವ ನಿಮಗೆ ಎಷ್ಟು ಉಪಯೋಗಕ್ಕೆ ಬರುತ್ತೋ, ಆದರೂ ಬರೀತೀನಿ. ನನ್ನ ಮಗನಿಗೆ ಹುಟ್ಟಿದ ಮೊದಲ ವಾರಗಳಲ್ಲೇ ಮಹಾಪಧಮನಿಯ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ, ಆಪರೇಷನ್ ಆಯ್ತು. ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಬೆಳವಣಿಗೆ ನೋಡುವವರ ಅಪಾಯಿಂಟ್‌ಮೆಂಟ್ ಕೈಗೆ ಕೊಟ್ಟರು. ಮಗು ಏನೂ ತೋರಿಸದೇ ಇದ್ದಾಗ ಇದ್ಯಾಕೆ ಅಂತ ಕೇಳಿದೆ. "ಕಾಣಿಸಿಕೊಳ್ಳೋವರೆಗೆ ಕಾಯೋ ಪದ್ಧತಿ ನಮ್ಮಲ್ಲಿಲ್ಲ" ಅಂದರು. ಮೂರು ವರ್ಷದೊಳಗಿನ ಮಕ್ಕಳಿಗೆ ಥೆರಪಿಸ್ಟ್ ಮನೆಗೇ ಬರೋ ವ್ಯವಸ್ಥೆ ಇಲ್ಲಿ ಕಾನೂನಿನಲ್ಲೇ ಇದೆ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಒಂದು ಹೇಳಿಕೆ ಹೊರಡಿಸಿತು, 2024ರಲ್ಲಿ ಅದನ್ನು ಪರಿಷ್ಕರಿಸಿದರು. ಹುಟ್ಟಿನ ಹೃದಯ ದೋಷ ಇರುವ ಯಾವ ಮಕ್ಕಳ ಬೆಳವಣಿಗೆಯ ಮೇಲೆ ಹೆಚ್ಚು ಕಣ್ಣಿಡಬೇಕು ಅಂತ ಅದರಲ್ಲಿದೆ. ಹಸುಗೂಸಿನಲ್ಲೇ ಹೃದಯ ತೆರೆದು ಆಪರೇಷನ್ ಆದವರು, ನೀಲಿಗಟ್ಟುವ ದೋಷ ಇರುವವರು, ತಿಂಗಳು ತುಂಬದೆ ಹುಟ್ಟಿದವರು, ಡೌನ್ ಸಿಂಡ್ರೋಮ್‌ನಂಥ ಜೀನ್ ತೊಂದರೆ ಇರುವವರು, ಆಸ್ಪತ್ರೆಯಲ್ಲಿ ಬಹಳ ದಿನ ಉಳಿದವರು, ಫಿಟ್ಸ್ ಬಂದವರು. ಹಾಸನದ ಅಮ್ಮನ ಮಗಳು ಮೊದಲನೇ ಸಾಲಿನಲ್ಲೇ ಬರ್ತಾಳೆ. ಇಂಥ ಮಕ್ಕಳನ್ನು ಒಂದರಿಂದ ಎರಡು ವರ್ಷದ ನಡುವೆ ಒಮ್ಮೆ, ಮೂರರಿಂದ ಐದರ ನಡುವೆ ಒಮ್ಮೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಇನ್ನೊಮ್ಮೆ ಪೂರ್ತಿಯಾಗಿ ಪರೀಕ್ಷಿಸಬೇಕು ಅಂತ 2012ರ ಆ ಹೇಳಿಕೆ ಸಲಹೆ ಕೊಟ್ಟಿತ್ತು.

ಹನ್ನೊಂದನೇ ವರ್ಷದಲ್ಲಿ ಯಾಕೆ ಅಂತ ನನಗೂ ಅನ್ನಿಸಿತ್ತು. ಬೋಸ್ಟನ್‌ನಲ್ಲಿ 1988ರಿಂದ 1992ರ ನಡುವೆ ಟಿಜಿಎ ಆಪರೇಷನ್ ಆದ 171 ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ್ದಾರೆ. ಹದಿನಾರನೇ ವಯಸ್ಸಿಗೆ ಬಂದವರಲ್ಲಿ ಹೆಚ್ಚಿನವರ ಬುದ್ಧಿಮಟ್ಟ ಸಾಧಾರಣವಾಗೇ ಇತ್ತು. ಆದರೂ ಸುಮಾರು ಶೇಕಡ 65 ಮಂದಿಗೆ ಓದಿನಲ್ಲೋ ನಡವಳಿಕೆಯಲ್ಲೋ ಯಾವಾಗಲಾದರೂ ವಿಶೇಷ ಸಹಾಯ ಬೇಕಾಗಿತ್ತು. ಗಮನ ಇಡೋದು, ಹೇಳಿದ ನಾಲ್ಕು ಕೆಲಸ ಕ್ರಮವಾಗಿ ಮಾಡೋದು, ಇಂಥದ್ದೇ ಅವರಿಗೆ ಕಷ್ಟ. ಇಂಥದ್ದು ಎರಡು ವರ್ಷದ ಮಗುವಿನಲ್ಲಿ ಗೊತ್ತಾಗಲ್ಲ.

ತೀರ್ಥಹಳ್ಳಿಯಿಂದ

ನನ್ನ ಮಗನ ಕಥೆ ಇದೇ. ನಡೆದದ್ದು ಹದಿನಾರು ತಿಂಗಳಿಗೆ, ಮಾತು ಚೆನ್ನಾಗಿ ಬಂತು, ನಾವು ನಿಶ್ಚಿಂತೆಯಾದ್ವಿ. ಎರಡನೇ ಕ್ಲಾಸಿಗೆ ಬಂದ ಮೇಲೆ ಬೋರ್ಡ್ ನೋಡಿ ಬರೆಯೋದು ಅರ್ಧಕ್ಕೇ ನಿಲ್ಲೋದು, "ಬ್ಯಾಗಿಂದ ಪುಸ್ತಕ ತೆಗೆದು, ಪುಟ ಬಿಡಿಸಿ, ಲೆಕ್ಕ ಬರಿ" ಅಂದರೆ ಪುಸ್ತಕ ತೆಗೆದು ಕೂತಿರೋನು. ಟೀಚರ್ ಸೋಮಾರಿ ಅಂದರು. ಮಣಿಪಾಲದ ಕಡೆ ಪರೀಕ್ಷೆ ಮಾಡಿಸಿ ಬಂದ ಕಾಗದ ತೋರಿಸಿದ ಮೇಲೆ ಮುಂದಿನ ಬೆಂಚಿಗೆ ಕೂರಿಸಿದರು, ಒಂದು ಸಲಕ್ಕೆ ಒಂದೇ ಮಾತು ಹೇಳೋಕೆ ಶುರು ಮಾಡಿದರು. ಎರಡೇ ಬದಲಾವಣೆ. ಹುಡುಗ ಈಗ ಶಾಲೆಗೆ ಖುಷಿಯಿಂದ ಹೋಗ್ತಾನೆ.

ಆಟದ ಪೀರಿಯಡ್ಡಿನ ಬಗ್ಗೆಯೂ ಹೇಳಬೇಕು. "ಹಾರ್ಟ್ ಆಪರೇಷನ್ ಆಗಿದೆ" ಅಂತ ಗೊತ್ತಾದ ತಕ್ಷಣ ಶಾಲೆಯಲ್ಲಿ ಮೂಲೆಯಲ್ಲಿ ಕೂರಿಸಿದರು. ನಮ್ಮ ಹೃದಯದ ಡಾಕ್ಟರ ಹತ್ತಿರ "ಎಲ್ಲ ಮಕ್ಕಳ ಹಾಗೆ ಆಡಬಹುದು, ಸುಸ್ತಾದರೆ ತಾನೇ ನಿಲ್ಲಲು ಬಿಡಿ" ಅಂತ ಬರೆಸಿಕೊಂಡು ಕೊಟ್ಟೆ. ಮಹಾಪಧಮನಿಯ ಕವಾಟ ತೀರಾ ಕಿರಿದಾಗಿರೋರು, ಬಡಿತದ ತೊಂದರೆ ಇರೋರಿಗೆ ಈ ಮಾತು ಅನ್ವಯಿಸಲ್ಲ, ಅವರವರ ಡಾಕ್ಟರನ್ನೇ ಕೇಳಬೇಕು. ಆದರೆ ಕೇಳದೆ ಮೂಲೆಗೆ ಕೂರಿಸೋದು ಅನ್ಯಾಯ.

ಸಾಗರದ ಅಜ್ಜಿ

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಎಲ್ಲರೂ ಅತ್ತೆ, ಅಜ್ಜಿಯರ ಬಗ್ಗೆ ಬರೆದಿದ್ದೀರಿ, ನಾವೂ ಒಂದು ಮಾತು ಹೇಳಬೇಕಲ್ಲ.

ನಮ್ಮ ಕಾಲದಲ್ಲಿ ನೀಲಿಯಾದ ಮಗು ಉಳಿದದ್ದನ್ನು ನಾನು ಕಂಡಿಲ್ಲ. ನನ್ನ ತಂಗಿಯ ಕೂಸು ಹೋದದ್ದು ಹೀಗೆಯೇ, ಹೃದಯ ಎಂದು ಆಗ ಯಾರಿಗೂ ಗೊತ್ತೂ ಇರಲಿಲ್ಲ. ಹಾಗಿರುವಾಗ ಮೊಮ್ಮಗ ಎದೆ ಕೊಯ್ಸಿಕೊಂಡು ಮನೆಗೆ ಬಂದಾಗ ಕೆಳಗೆ ಬಿಡಲಿಕ್ಕೆ ಕೈ ಬರುವುದಿಲ್ಲ ಮಕ್ಕಳೇ. ಅದು ಹಟವಲ್ಲ, ಹೆದರಿಕೆ. ಸೊಸೆ ಹೇಳಿದರೆ "ಇವಳಿಗೇನು ಗೊತ್ತು" ಎಂದು ಅನ್ನಿಸುತ್ತದೆ, ಇದೂ ಸತ್ಯ. ನನಗೆ ಧೈರ್ಯ ಬಂದದ್ದು ಡಾಕ್ಟರಮ್ಮ ನನ್ನನ್ನೇ ಒಳಗೆ ಕರೆದು ಹೇಳಿದಾಗ. ಮುಂದಿನ ಸಲ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗು ಮಗಾ.

ಇನ್ನೊಂದು. ಬಾಳಂತನದಲ್ಲಿ ನಾವು ಕಾಲು ನೀಡಿ ಕುಳಿತು, ಮೊಣಕಾಲಿನ ಮೇಲೆ ಕೂಸನ್ನು ಬೋರಲು ಹಾಕಿ ಬೆನ್ನಿಗೆ ಎಣ್ಣೆ ನೀವಿ ನೀರು ಹಾಕುತ್ತಿದ್ದೆವು. ಈ ಮಕ್ಕಳಿಗೆ ಅದು ಆಗಿರುವುದಿಲ್ಲ, ಗಾಯಕ್ಕೆ ಹೆದರಿ ಬಿಟ್ಟಿರುತ್ತೇವೆ. ಈಗ ಮಾಡಬಹುದಾ ಎಂದು ಆ ಮೈಸೂರಿನವರು ಹೇಳಲಿ.

ಮಕ್ಕಳ ಫಿಸಿಯೋ, ಮೈಸೂರು

ಅಜ್ಜೀ, ನಿಮ್ಮ ಮಾತು ಓದಿ ಮನಸ್ಸು ತುಂಬಿತು. ಗಾಯ ಪೂರ್ತಿ ಒಣಗಿ, ಮೂಳೆ ಕೂಡಿಕೊಂಡು, ಸರ್ಜನ್ ಒಪ್ಪಿದ ಮೇಲೆ ಖಂಡಿತ ಮಾಡಬಹುದು. ನಾವು ಥೆರಪಿಯಲ್ಲಿ ಬೋರಲು ಮಲಗಿಸಿ ಮಾಡಿಸೋ ಕೆಲಸವೂ ಅದೇ, ಮಗು ಕತ್ತು ಎತ್ತಬೇಕು, ಕೈಯೂರಬೇಕು. ಎದೆಯ ಗೆರೆಯ ಮೇಲೆ ಜೋರಾಗಿ ತಿಕ್ಕಬೇಡಿ, ಬೆನ್ನು, ಕೈಕಾಲಿಗೆ ಸಾಕು.

ಹಾಸನದ ಅಮ್ಮ

ಎಲ್ಲರ ಮಾತನ್ನೂ ಓದಿದೆ, ಕೆಲವು ಎರಡೆರಡು ಸಲ. ಅಜ್ಜಿಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸಂಜೆ ತಾವೇ ನಡುಮನೆಯಲ್ಲಿ ಚಾಪೆ ಹಾಸಿ, ಮೇಲೆ ಒಂದು ಕೌದಿ ಹಾಸಿದರು.

ಆಶಾ ಮೂಲಕ ಆರ್‌ಬಿಎಸ್‌ಕೆ ಡಾಕ್ಟರಿಗೆ ಹೇಳಿಸಿದೆ, ಜಿಲ್ಲಾ ಕೇಂದ್ರಕ್ಕೆ ಗುರುವಾರ ಬರಲು ಹೇಳಿದ್ದಾರೆ. ಕಿವಿ ಪರೀಕ್ಷೆಗೆ ಮೈಸೂರಿಗೆ ಹೋಗ್ತೀವಿ. ಸರ್ಜನ್ ಕಡೆ ಫೋನ್ ಮಾಡಿ ಕೇಳಿದೆ, ಈಗ ಯಾವ ನಿರ್ಬಂಧವೂ ಇಲ್ಲ ಅಂದರು. ದಡಾರದ ಲಸಿಕೆ ಆಪರೇಷನ್ ಆದ್ದರಿಂದ ಮುಂದೂಡಿದ್ದು ಹಾಗೇ ಉಳಿದಿತ್ತು, ಅದನ್ನೂ ಕೇಳಿದೆ, ಈಗ ಹಾಕಿಸಿ ಅಂದಿದ್ದಾರೆ.

ಎರಡು ಪ್ರಶ್ನೆ ಇನ್ನೂ ಇದೆ. ಬೋರಲು ಹಾಕಿದರೆ ಕಿರುಚೋದು ನಿಂತಿಲ್ಲ, ಏನು ಮಾಡಲಿ? ಮತ್ತೆ ನಾದಿನಿ ಅವರ ಮಗನ ವಾಕರ್ ತಂದುಕೊಟ್ಟಿದ್ದಾರೆ, ಅದರಲ್ಲಿ ಕೂರಿಸಿದರೆ ಬೇಗ ನಡೀತಾಳಂತೆ. ಕೂರಿಸಲಾ?

ಮಕ್ಕಳ ಫಿಸಿಯೋ, ಮೈಸೂರು

ವಾಕರ್ ಬೇಡ. ಅದರಲ್ಲಿ ಮಗು ತೂಗಾಡ್ತಾ ಬೆರಳ ತುದಿಯಲ್ಲಿ ನೆಲ ತಳ್ಳುತ್ತೆ, ಸೊಂಟಕ್ಕೆ ಕೆಲಸವಿಲ್ಲ, ತನ್ನ ಕಾಲು ತನಗೇ ಕಾಣಲ್ಲ. ನಡಿಗೆ ಬೇಗ ಬರಲ್ಲ, ತಡವೇ ಆಗಬಹುದು. ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯ ಬೇರೆ. ಕೆನಡಾದಲ್ಲಿ 2004ರಿಂದ ವಾಕರ್ ಮಾರೋದನ್ನೇ ನಿಷೇಧಿಸಿದ್ದಾರೆ. ನಾದಿನಿಯವರಿಗೆ ಬೇಜಾರಾಗದ ಹಾಗೆ ಅಟ್ಟಕ್ಕೆ ಹಾಕಿ.

ಬೋರಲಿನ ವಿಷಯ. ನೆಲದ ಮೇಲೆ ಶುರು ಮಾಡಬೇಡಿ. ನೀವು ಒರಗಿಕೊಂಡು ಕೂತು ಅವಳನ್ನು ನಿಮ್ಮ ಎದೆಯ ಮೇಲೆ ಬೋರಲು ಹಾಕಿಕೊಳ್ಳಿ, ಮುಖ ನೋಡಲಿಕ್ಕೇ ಕತ್ತು ಎತ್ತುತ್ತಾಳೆ. ಒಂದೆರಡು ನಿಮಿಷ ಸಾಕು, ದಿನಕ್ಕೆ ಐದಾರು ಸಲ. ಅದು ಒಗ್ಗಿದ ಮೇಲೆ ನಿಮ್ಮ ತೊಡೆಗೆ ಅಡ್ಡಲಾಗಿ, ಕೈ ಎರಡೂ ಆಚೆ ನೆಲ ಮುಟ್ಟುವ ಹಾಗೆ. ಎದುರಿಗೆ ಅವಳಿಗಿಷ್ಟವಾದ ಸ್ಟೀಲ್ ಲೋಟ ಇಡಿ, ಸ್ವಲ್ಪ ಚಾಚಿದರೆ ಸಿಗುವಷ್ಟು ದೂರದಲ್ಲಿ. ಹೊಟ್ಟೆ ತುಂಬಿದ ತಕ್ಷಣ ಬೇಡ. ಮುನಿಸಿಗೆ ಸ್ವಲ್ಪ ಗೊಣಗಿದರೆ ತೊಂದರೆಯಿಲ್ಲ, ಅವಳ ಹೃದಯ ಈಗ ತಡೆಯುತ್ತೆ. ಉಸಿರು ಬಹಳ ಜೋರಾಗಿ, ತುಟಿ ಬಣ್ಣ ಬದಲಾದರೆ, ಮೊದಲಿನ ಹಾಗೆ ಹಣೆ ಬೆವರಲು ಶುರುವಾದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ನಿಲ್ಲೋದಕ್ಕೆ ಮರದ ಮಣೆ ಇದ್ದರೆ ಅದರ ಮೇಲೆ ಕೂರಿಸಿ, ಕಾಲು ನೆಲಕ್ಕೆ ಪೂರ್ತಿ ತಾಗುವಷ್ಟು ಎತ್ತರದ್ದು. ಎದುರಿಗೆ ದಿವಾನದ ಮೇಲೆ ಆಟಿಕೆ ಇಡಿ. ಕೈಹಿಡಿದು ಎಳೆದು ನಿಲ್ಲಿಸಬೇಡಿ, ಸೊಂಟದ ಎರಡೂ ಬದಿ ಕೈಯಿಟ್ಟು ಅವಳು ಮುಂದಕ್ಕೆ ಬಾಗಿ ತಾನೇ ಏಳೋವರೆಗೆ ಕಾಯಿರಿ. ಗುರುವಾರ ಅಲ್ಲಿನ ಫಿಸಿಯೋ ಮಗುವನ್ನು ಕೈಯಲ್ಲಿ ಹಿಡಿದು ನೋಡಿ ಬೇರೆ ಏನಾದರೂ ಹೇಳಿದರೆ ಅವರ ಮಾತಿನಂತೆ ಮಾಡಿ, ನಾನು ಇಲ್ಲಿಂದ ನೋಡದೆ ಹೇಳ್ತಿರೋದು. ಅಲ್ಲಿ ಏನು ಹೇಳಿದರು ಅಂತ ಬಂದು ಬರೀರಿ, ಕಾಲಿನ ಬಿಗಿ ಹೇಗಿದೆ ಅಂತ ನೋಡಿದರಾ ಅನ್ನೋದನ್ನ ಮರೀದೆ ಕೇಳಿ.